ಬುರುಜಿನ ಮೇಲೆ ಅಂಗೈ ಇಟ್ಟು ನೋಡಿದೆ

ಹಳೇ ಚಿತ್ರ ನೋಡುವಾಗ ನನಗೊಂದು ಕೆಟ್ಟ ಚಾಳಿ ಇತ್ತು. ಮೊದಲು ಚಿತ್ರಕಾರನ ಕಥೆ ಓದಿಬಿಡುತ್ತಿದ್ದೆ, ಆಮೇಲೆ ಚಿತ್ರದ ತುಂಬಾ ಆ ಕಥೆಯೇ ಕಾಣುತ್ತಿತ್ತು. ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ 'ಹ್ಯಾಡ್ಲಿ ಕ್ಯಾಸಲ್' (1829) ನೋಡುವಾಗಲೂ ಅದೇ ಆಯಿತು.

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ದಿಬ್ಬದ ಮೇಲಿನ ಹಾಳು ಕೋಟೆ ಇದು. 1828ರ ನವೆಂಬರ್‌ನಲ್ಲಿ ಕಾನ್‌ಸ್ಟೆಬಲ್‌ನ ಹೆಂಡತಿ ಮರಿಯಾ ಕ್ಷಯದಿಂದ ತೀರಿಕೊಂಡಿದ್ದಳು. ಏಳು ಮಕ್ಕಳು. ಇಷ್ಟು ಓದಿದ್ದೇ ತಡ, ಸೀಳಿದ ಬುರುಜು ಅಂದರೆ ಒಡೆದ ಮನಸ್ಸು, ಮೋಡದ ಸಂದಿಯ ಬೆಳಕು ಅಂದರೆ ಭರವಸೆ ಅಂತ ಬರೆದು ಮುಗಿಸಿದೆ. ಮಾರನೇ ದಿನ ಓದಿದರೆ ಯಾವ ಹಾಳು ಕೋಟೆಗಾದರೂ ಅಂಟಿಸಬಹುದಾದ ಮಾತು!

ಹರಿದು ಹಾಕಿ ಮತ್ತೆ ಕೂತೆ. ಈ ಸಲ ಅರ್ಥದ ಗೋಜು ಬೇಡ, ಕಣ್ಣಿಗೆ ಬಿದ್ದಿದ್ದಷ್ಟೇ ಸಾಕು ಅಂದುಕೊಂಡೆ. ಎಡಗಡೆ ಎತ್ತರದ ಬುರುಜು. ಕೆಳಗೆ ಒಬ್ಬ ಕುರಿಗಾಹಿ, ಜೊತೆಗೆ ನಾಯಿ. ಆಚೆ ದನಗಳು. ಬಲಗಡೆ ನೀರು ಹರಡಿಕೊಂಡಿದೆ, ಅದರ ಮೇಲೆ ಬಿಸಿಲು. ಆಮೇಲೆ ಪರದೆಯ ಮೇಲೆ ಅಂಗೈ ಇಟ್ಟು ಬುರುಜನ್ನು ಮುಚ್ಚಿದೆ. ಸುಮ್ನೆ ಒಂದು ಚೆಂದದ ಕಡಲ ನೋಟ, ಅಷ್ಟೇ. ನೀರನ್ನು ಮುಚ್ಚಿದರೆ ಉಸಿರು ಕಟ್ಟಿದ ಹಾಗಾಯಿತು. ಅಂದರೆ ಈ ಚಿತ್ರದ ಭಾವ ಬುರುಜಿನಲ್ಲೂ ಇಲ್ಲ, ಬೆಳಕಿನಲ್ಲೂ ಇಲ್ಲ, ಹತ್ತಿರದ ಕತ್ತಲೆಗೂ ದೂರದ ಬೆಳಕಿಗೂ ನಡುವೆ ಇರುವ ಆ ಅಂತರದಲ್ಲಿದೆ ಅನ್ನಿಸಿತು. ಬೆಳಕೇನೋ ಇದೆ, ಆದರೆ ನಾವು ನಿಂತಿರುವ ಕಡೆಗೆ ಬಂದಿಲ್ಲ.

ಆಮೇಲೆಯೇ ಮತ್ತೆ ಕಥೆಗೆ ಹೋದೆ. ಅವನು ಆ ಕೋಟೆ ನೋಡಿ ಪೆನ್ಸಿಲ್‌ನಲ್ಲಿ ಪುಟ್ಟ ಚಿತ್ರ ಬರೆದುಕೊಂಡಿದ್ದು 1814ರಲ್ಲಿ, ಮದುವೆಗೂ ಎರಡು ವರ್ಷ ಮೊದಲು. ಆ ಜಾಗದ ಬಗ್ಗೆ ಮರಿಯಾಗೆ ಕಾಗದವನ್ನೂ ಬರೆದಿದ್ದ. ಕೋಟೆ ಆಗಲೇ ಹಾಳಾಗಿತ್ತು. ದುಃಖ ಬಂತು ಅಂತ ಬುರುಜನ್ನು ಸೀಳಿದ್ದಲ್ಲ, ದುಃಖ ಬಂದಾಗ ಹದಿನೈದು ವರ್ಷದ ಹಳೇ ಚಿತ್ರ ಹುಡುಕಿ ತೆಗೆದದ್ದು. ನನಗೆ ಸಂಕೇತ ಅಂತ ಕಂಡಿದ್ದು ಈ ಹುಡುಕಾಟವೇ, ಬಿರುಕಿಗಿಂತ ಜಾಸ್ತಿ. ಲಂಡನ್ನಿನ ಕಲಾ ಸಂಸ್ಥೆ ರಾಯಲ್ ಅಕಾಡೆಮಿಯಲ್ಲಿ ತೋರಿಸುವಾಗ ಹೆಸರಿನ ಜೊತೆ 'ಬಿರುಗಾಳಿಯ ರಾತ್ರಿ ಕಳೆದ ಬೆಳಗು' ಅಂತಲೂ ಸೇರಿಸಿದ್ದ. ಮೊದಲ ಸಲ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಆ ಕುರಿಗಾಹಿಯನ್ನು ಕಾನ್‌ಸ್ಟೆಬಲ್ಲೇ ಅಂತ ಹೇಳಿಬಿಡುವ ಆಸೆ ಈಗಲೂ ಇದೆ. ಚಿತ್ರದಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ, ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಅವನು ಸದ್ಯಕ್ಕೆ ಬರೀ ಕುರಿಗಾಹಿ.