ಇಂಗ್ಲಿಷ್ ಬಾರದ ಊರಿಗೆ ‘ದಿ 39 ಸ್ಟೆಪ್ಸ್’ ತೋರಿಸುವ ಕ್ರಮ

ಮೊದಲ ಸಲ ಈ ಸಿನಿಮಾ ತೋರಿಸಿದಾಗ ನಾನು ಜಾಸ್ತಿ ಮಾತಾಡಿದೆ. ಪರದೆಯ ಮೇಲೆ ಯಾರು ಬಾಯಿ ತೆರೆದರೂ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರ ಮಾತು ಮುಂದೆ ಓಡುತ್ತಿತ್ತು, ನನ್ನದು ಅದರ ಬೆನ್ನು ಹಿಡಿದು ಓಡುತ್ತಿತ್ತು. ಅರ್ಧ ಗಂಟೆಯಲ್ಲಿ ಹಿಂದಿನ ಎರಡು ಬೆಂಚು ಖಾಲಿಯಾಯಿತು.

ಆ ದಿನ ನನ್ನ ಸೋದರಮಾವ ಬಂದಿದ್ದರು. ಅವರು ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಮನೆಗೆ ಹೋಗುವ ದಾರಿಯಲ್ಲಿ ಹೇಳಿದರು: “ಭಾಗವತರು ಪದದಲ್ಲಿ ಹೇಳಿದ್ದನ್ನೇ ನಾವು ತಿರುಗಿ ಹೇಳಿದರೆ ಜನ ಯಾಕೆ ಕೂರಬೇಕು? ಚಿತ್ರ ಹೇಳುವುದನ್ನು ಚಿತ್ರವೇ ಹೇಳಲಿ. ಉಳಿದದ್ದು ಮಾತ್ರ ನಿನ್ನದು.”

ಅದರ ನಂತರ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಶಾಲೆಗಳಲ್ಲಿ, ಭಜನಾ ಮಂದಿರದಲ್ಲಿ, ನಾನು ನೋಡಿಕೊಳ್ಳುವ ವಾಚನಾಲಯದಲ್ಲಿ ಏಳು ಸಲ ತೋರಿಸಿದ್ದೇನೆ. ಯಾರೂ ಎದ್ದು ಹೋಗಲಿಲ್ಲ. ನಿಮ್ಮ ಊರಲ್ಲೂ ತೋರಿಸುವ ಮನಸ್ಸಿದ್ದರೆ ನನ್ನ ಕ್ರಮ ಹೀಗೆ.

ಸಿನಿಮಾ 1935ರದ್ದು, ಬ್ರಿಟನ್ನಿನದ್ದು. ನಿರ್ದೇಶಕರು ಆಲ್‌ಫ್ರೆಡ್ ಹಿಚ್‌ಕಾಕ್. ಮುಖ್ಯ ಪಾತ್ರದಲ್ಲಿ ರಾಬರ್ಟ್ ಡೊನಾಟ್ ಮತ್ತು ಮ್ಯಾಡೆಲಿನ್ ಕ್ಯಾರೊಲ್. 86 ನಿಮಿಷ. ಕಪ್ಪು ಬಿಳುಪು. ಮಾಡದ ಕೊಲೆಯ ಆರೋಪ ಹೊತ್ತವನೊಬ್ಬ ಪೊಲೀಸರಿಂದಲೂ ನಿಜವಾದ ಕೊಲೆಗಾರರಿಂದಲೂ ತಪ್ಪಿಸಿಕೊಂಡು ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಓಡುವ ಕತೆ. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಅದು ದಾಟಿಯಾಯಿತು. ಹಾಗಿದ್ದರೂ ನಾವು ಟಿಕೆಟು ಇಡುವುದಿಲ್ಲ. ಒಳ್ಳೆಯ ಪ್ರತಿಯನ್ನು ದುಡ್ಡು ಕೊಟ್ಟೇ ತಗೊಳ್ಳಿ. ಸುಮ್ನೆ ಸಿಗುವ ಪ್ರತಿಗಳಲ್ಲಿ ಎಷ್ಟೋ ಮಸುಕಾಗಿವೆ. ಪ್ರತಿ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ ಇದೆ. ಸ್ಕಾಟ್ಲೆಂಡಿನ ರೈತನ ಮನೆಯ ರಾತ್ರಿಯ ದೃಶ್ಯ ಹಾಕಿ. ಊಟದ ಮೇಜಿನ ಸುತ್ತ ಕೂತ ಮೂವರ ಕಣ್ಣು ಸ್ಪಷ್ಟವಾಗಿ ಕಂಡರೆ ಆ ಪ್ರತಿ ಆಗುತ್ತದೆ. ಕಾಣದಿದ್ದರೆ ಬೇರೆ ಹುಡುಕಿ.

ದಿನ ಗೊತ್ತು ಮಾಡುವಾಗ ಮೂರು ವಿಷಯ ನೋಡಿ. ಮಳೆಗಾಲ ಬೇಡ. ಶೀಟಿನ ಮಾಡಿನ ಕೆಳಗೆ ಆಟಿಯ ಮಳೆ ಹೊಡೆದರೆ ಒಂದು ಮಾತೂ ಕೇಳಿಸುವುದಿಲ್ಲ. ಅಕ್ಟೋಬರ್-ನವೆಂಬರಿನ ತುಲಾ ತಿಂಗಳಲ್ಲಿ ಸಂಜೆಯ ಗುಡುಗಿಗೆ ಕರೆಂಟು ಹೋಗುತ್ತದೆ. ಹತ್ತಿರದಲ್ಲಿ ಯಕ್ಷಗಾನ ಆಟ ಇರುವ ದಿನವಂತೂ ಇಡಲೇಬೇಡಿ, ಜನ ಅಲ್ಲಿಗೆ ಹೋಗುತ್ತಾರೆ, ಹೋಗಬೇಕಾದ್ದೇ. ನನಗೆ ಒಗ್ಗಿದ್ದು ಡಿಸೆಂಬರಿನಿಂದ ಮಾರ್ಚ್. ಆಗ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಹಾಗಾಗಿ ಒಳಗೆ ಹಾಲ್‌ನಲ್ಲೇ ತೋರಿಸುವುದು.

ಪರದೆಗೆ ದಪ್ಪ ಬಿಳಿ ಬೆಡ್‌ಶೀಟು ಸಾಕು. ಮೇಲೆ ಕೆಳಗೆ ಅಡಿಕೆ ಮರದ ಸಲಕೆ, ಅಂದರೆ ಸೀಳಿದ ಪಟ್ಟಿ, ಹೊಲಿದು ಗೋಡೆಗೆ ತಾಗಿಸಿ ಕಟ್ಟಿ, ನೆರಿಗೆ ಇರುವುದಿಲ್ಲ. ಈ ಚಿತ್ರ ಈಗಿನ ಸಿನಿಮಾದಷ್ಟು ಅಗಲ ಇಲ್ಲ. 8 ಅಡಿ ಅಗಲಕ್ಕೆ ಹತ್ತಿರ ಹತ್ತಿರ 6 ಅಡಿ ಎತ್ತರ ಬರುತ್ತದೆ. ಪ್ರೊಜೆಕ್ಟರು ಅದನ್ನು ಎಳೆದು ಅಗಲ ಮಾಡಲು ಬಿಡಬೇಡಿ, ಮುಖಗಳೆಲ್ಲ ಚಪ್ಪಟೆ ಆಗುತ್ತವೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ. ಸ್ಪೀಕರು ಒಂದೇ ಸಾಕು, ಪರದೆಯ ಬುಡದಲ್ಲಿಡಿ. ಆಗ ಮಾತು ಅವರ ಬಾಯಿಯಿಂದಲೇ ಬಂದ ಹಾಗೆ ಕೇಳುತ್ತದೆ. ಇನ್ವರ್ಟರ್ ಬೇಕೇ ಬೇಕು. ಬಲ್ಬಿನ ಪ್ರೊಜೆಕ್ಟರು ಒಮ್ಮೆಲೇ ಆರಿದರೆ ಬಲ್ಬಿಗೂ ಕೇಡು, ತಣ್ಣಗಾಗದೆ ತಿರುಗಿ ಹೊತ್ತಿಕೊಳ್ಳುವುದೂ ಇಲ್ಲ.

ಸಬ್‌ಟೈಟಲ್ ಹಾಕಬೇಡಿ. ನಮ್ಮಲ್ಲಿ ಅಜ್ಜಿಯಂದಿರಿಗೆ ಇಂಗ್ಲಿಷ್ ಬಾರದು. ಕನ್ನಡದಲ್ಲಿ ಬರೆದು ಹಾಕಿದರೂ ಮಲಯಾಳ ಮಾಧ್ಯಮದಲ್ಲಿ ಓದಿದ ಮಕ್ಕಳು ನಿಧಾನವಾಗಿ ಓದುತ್ತಾರೆ. ಎಲ್ಲರ ಕಣ್ಣೂ ಕೆಳಗಿನ ಸಾಲಿನ ಮೇಲೆ ನಿಂತರೆ ಈ ಸಿನಿಮಾ ನೋಡಿದ ಹಾಗೆ ಆಗುವುದಿಲ್ಲ.

ಶುರು ಮಾಡುವ ಮೊದಲು ಐದು ನಿಮಿಷ ಮಾತಾಡಿ. ನಾನು ಚೌತಿಯ ಚಂದ್ರನಿಂದ ಶುರು ಮಾಡುತ್ತೇನೆ. ಚೌತಿ ದಿನ ಚಂದ್ರನನ್ನು ನೋಡಿದ ಕೃಷ್ಣನಿಗೆ ಶಮಂತಕ ಮಣಿ ಕದ್ದ ಅಪವಾದ ಬಂತಲ್ವಾ? ಪ್ರಸೇನನನ್ನು ಕೊಂದದ್ದು ಸಿಂಹ. ಸಿಂಹವನ್ನು ಕೊಂದು ಮಣಿ ಒಯ್ದದ್ದು ಜಾಂಬವಂತ. ಆದರೆ ಊರು ಬೆರಳು ತೋರಿಸಿದ್ದು ಕೃಷ್ಣನ ಕಡೆಗೆ. ನಾನಲ್ಲ ಅಂತ ಹೇಳಿದರೆ ಸಾಕಾಗಲಿಲ್ಲ. ಹೆಜ್ಜೆ ಹಿಡಿದು ಗುಹೆಗೆ ಹೋಗಿ ಮಣಿಯನ್ನು ತಾನೇ ತರಬೇಕಾಯಿತು. ‘ಜಾಂಬವತಿ ಕಲ್ಯಾಣ’ ಕೇಳದವರು ನಮ್ಮ ಕಡೆ ಕಡಿಮೆ. ಈ ಸಿನಿಮಾದ ನಾಯಕ ಹ್ಯಾನೆಯ ಪಾಡೂ ಅದೇ. ಅವನ ಮನೆಯಲ್ಲಿ ಹೆಂಗಸೊಬ್ಬಳ ಕೊಲೆ ಆಗುತ್ತದೆ. ಸಿಕ್ಕಿಬಿದ್ದರೆ ಗಲ್ಲು, ಆ ಕಾಲದಲ್ಲಿ ಅಲ್ಲಿ ಕೊಲೆಗೆ ಅದೇ ಶಿಕ್ಷೆ. ತನ್ನ ಮಣಿಯನ್ನು ಅವನೇ ಹುಡುಕಿ ತರಬೇಕು, ಆದರೆ ಆ ಮಣಿ ಏನು ಅಂತಲೇ ಅವನಿಗೆ ಗೊತ್ತಿಲ್ಲ. ಇಷ್ಟು ಹೇಳಿದರೆ ಎಪ್ಪತ್ತು ದಾಟಿದವರೂ ಮುಂದೆ ಬಾಗಿ ಕೂರುತ್ತಾರೆ.

ಇನ್ನೊಂದು ಮಾತು ಮೊದಲ ದೃಶ್ಯಕ್ಕಾಗಿ. ಲಂಡನ್ನಿನ ಒಂದು ನಾಟಕಶಾಲೆ. ಎಲ್ಲವನ್ನೂ ನೆನಪಿಟ್ಟುಕೊಂಡ ಒಬ್ಬ ವೇದಿಕೆಯ ಮೇಲೆ ನಿಂತಿರುತ್ತಾನೆ. ಜನ ಏನು ಕೇಳಿದರೂ ಉತ್ತರ ಕೊಡುತ್ತಾನೆ. ಅಷ್ಟಾವಧಾನ ನೋಡಿದವರಿಗೆ ಇದು ಹೊಸತಲ್ಲ. ನಡುವೆ ಒಬ್ಬ ಕೋಳಿಯ ರೋಗದ ಬಗ್ಗೆ ಕೂಗಿ ಕೂಗಿ ಕೇಳುವುದು ನಮ್ಮ ಅವಧಾನದಲ್ಲಿ ಗಮನ ತಪ್ಪಿಸಲು ಸಂಬಂಧವಿಲ್ಲದ್ದನ್ನು ಕೇಳುವ ಅಪ್ರಸ್ತುತ ಪ್ರಸಂಗದ ಹಾಗೆಯೇ ಇದೆ.

ಹೆಸರುಗಳನ್ನು ಕಡಿಮೆ ಮಾಡಿ. ನಾನು ಹೇಳುವುದು ಎರಡೇ: ಹ್ಯಾನೆ, ಪಮೆಲಾ. ಉಳಿದವರು ‘ನೆನಪಿನವ’, ‘ಬೆರಳಿಲ್ಲದವ’, ‘ರೈತನ ಹೆಂಡತಿ’. ಗುರುತೇ ಹೆಸರಾದರೆ ಯಾರಿಗೂ ತಪ್ಪಿ ಹೋಗುವುದಿಲ್ಲ.

ಸಿನಿಮಾ ಶುರುವಾದ ಮೇಲೆ ಪರದೆಯ ಪಕ್ಕದಲ್ಲಿ ಕೂತು ಮೈಕಿನಲ್ಲಿ ಮೆಲ್ಲ ಹೇಳಿ. ನೆನಪಿನವ ವೇದಿಕೆಗೆ ಬರುವಾಗ ಒಂದು ರಾಗ ನುಡಿಸುತ್ತಾರೆ. ಆಗ ನೀವು ಉಸಿರೆತ್ತಬಾರದು. ಹ್ಯಾನೆ ಆ ರಾಗವನ್ನು ಸಿನಿಮಾದ ಉದ್ದಕ್ಕೂ ಸಿಳ್ಳೆ ಹಾಕುತ್ತಿರುತ್ತಾನೆ, ಎಲ್ಲಿ ಕೇಳಿದ್ದು ಅಂತ ಅವನಿಗೆ ನೆನಪಾಗುವುದಿಲ್ಲ. ಅದು ನೆನಪಾಗುವಾಗಲೇ ಗಂಟು ಬಿಚ್ಚುತ್ತದೆ. ಶುರುವಿನಲ್ಲಿ ಜನರ ಕಿವಿಗೆ ರಾಗ ಬೀಳದಿದ್ದರೆ ಕೊನೆ ಅವರಿಗೆ ಸಿಗುವುದಿಲ್ಲ. ನಾನು ಮೊದಲ ಸಲ ಹಾಳು ಮಾಡಿದ್ದು ಇದನ್ನೇ.

ಮಾತು ಬೇಕಾದ ಮೊದಲ ಜಾಗ ಹ್ಯಾನೆಯ ಮನೆ. ಅವನ ಜೊತೆ ಬಂದ ಹೆಂಗಸು ಮೂರು ಸಂಗತಿ ಹೇಳುತ್ತಾಳೆ. ದೇಶದ ಒಂದು ಗುಟ್ಟನ್ನು ಗೂಢಚಾರರು ಹೊರಗೆ ಸಾಗಿಸಲು ಹೊರಟಿದ್ದಾರೆ. ಅವರ ಯಜಮಾನನ ಕಿರುಬೆರಳಿನ ತುದಿ ಇಲ್ಲ. ತಾನು ಸ್ಕಾಟ್ಲೆಂಡಿನಲ್ಲಿ ಒಬ್ಬರನ್ನು ಕಾಣಬೇಕು. ಈ ಮೂರನ್ನೂ ಹೇಳಿ. ಕಿರುಬೆರಳಿನ ಮಾತನ್ನು ಎರಡು ಸಲ ಹೇಳಿ.

ಬೆಳಗಿನ ಹಾಲಿನವನ ದೃಶ್ಯದಲ್ಲಿ ನಿಮ್ಮ ಮಾತು ಬಹಳ ಮುಖ್ಯ. ಹೊರಗೆ ಕೊಲೆಗಾರರು ಕಾಯುತ್ತಿದ್ದಾರೆ. ಹ್ಯಾನೆ ಹಾಲಿನವನ ಕೋಟು, ಟೊಪ್ಪಿ ಕೇಳುತ್ತಾನೆ. ಮೇಲೆ ಕೊಲೆ ಆಗಿದೆ, ಹೊರಗಿರುವವರು ಕೊಲೆಗಾರರು ಅಂತ ನಿಜ ಹೇಳುತ್ತಾನೆ. ಹಾಲಿನವ ನಂಬುವುದಿಲ್ಲ. ಕೊನೆಗೆ ಹ್ಯಾನೆ, ಮದುವೆಯಾದ ಹೆಂಗಸಿನ ಮನೆಯಿಂದ ಕದ್ದುಮುಚ್ಚಿ ಹೊರಟಿದ್ದೇನೆ ಅಂತ ಸುಳ್ಳು ಹೇಳುತ್ತಾನೆ. ಹಾಲಿನವ ತಕ್ಷಣ ನಂಬಿ, ಖುಷಿಯಿಂದ ಕೋಟು ಬಿಚ್ಚಿ ಕೊಡುತ್ತಾನೆ. ನಿಜ ಯಾವುದು, ಸುಳ್ಳು ಯಾವುದು ಅಂತ ಇಲ್ಲಿ ಬಿಡಿಸಿ ಹೇಳಬೇಕು. ಜನ ನಗುತ್ತಾರೆ. ನಗಲಿ.

ನನ್ನ ಅಪ್ಪ ಮಾತ್ರ ಇಲ್ಲಿ ನಗುವುದಿಲ್ಲ. ಅವರು ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಆಗ ಮೂರನೇ ಕ್ಲಾಸು. ಒಂದು ವರ್ಷ ಲೆಕ್ಕದಲ್ಲಿ 4,200 ರೂಪಾಯಿ ಕಡಿಮೆ ಬಂತು. ನಾನು ಮುಟ್ಟಲಿಲ್ಲ ಅಂತ ಅಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಎಂಟು ತಿಂಗಳು ಮನೆಯಲ್ಲಿ ಕೂತರು. ಅಮ್ಮ ನೀರು ತರಲು ಹೋದರೆ ಅಲ್ಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಒಂದು ಪುಟದ ಖರ್ಚನ್ನು ಬರೆಯಲು ಬಿಟ್ಟದ್ದು ಇನ್ನೊಬ್ಬರು ಅಂತ ಗೊತ್ತಾಯಿತು. ಮರುದಿನ ಬಂದು ಕೆಲಸಕ್ಕೆ ಕರೆದರು. ತಪ್ಪಾಯಿತು ಅಂತ ಯಾರೂ ಹೇಳಲಿಲ್ಲ. ಈ ಸಿನಿಮಾ ಮೊದಲು ನೋಡಿದ ರಾತ್ರಿ ಅಪ್ಪ ಹೇಳಿದರು: “ನಾನು ತೆಗೆದಿದ್ದೇನೆ, ಕಷ್ಟ ಇತ್ತು ಅಂತ ಹೇಳಿದ್ದಿದ್ದರೆ ಅದೇ ದಿನ ನಂಬುತ್ತಿದ್ದರು ಮಗಳೇ.” ಅದಕ್ಕೇ ನಾನು ಈ ದೃಶ್ಯವನ್ನು ಯಾವತ್ತೂ ಅವಸರದಲ್ಲಿ ದಾಟಿಸುವುದಿಲ್ಲ.

ಕೆಲಸದಾಕೆ ಹೆಣ ನೋಡಿ ಬಾಯಿ ತೆರೆಯುತ್ತಾಳೆ. ಕೇಳುವುದು ರೈಲಿನ ಕೂಗು. ಅಲ್ಲಿಂದ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ತನಕ ಸುಮ್ಮನಿರಿ. ಪತ್ರಿಕೆಯಲ್ಲಿ ಅವನ ಸುದ್ದಿ ಬಂದಿದೆ ಅಂತ ಒಂದು ಮಾತು ಹೇಳಿದರೆ ಬೇಕಾದಷ್ಟಾಯಿತು. ರೈಲಿನಲ್ಲಿ ಪೊಲೀಸರಿಂದ ಮುಖ ಮರೆಸಲು ಅವನು ಗುರುತಿಲ್ಲದ ಪಮೆಲಾಳನ್ನು ತಬ್ಬಿಕೊಳ್ಳುತ್ತಾನೆ, ಅವಳು ಅವನನ್ನು ಹಿಡಿದು ಕೊಡುತ್ತಾಳೆ. ಎಲ್ಲ ಕಣ್ಣಿಗೇ ಕಾಣುತ್ತದೆ.

ರೈತನ ಮನೆಯ ದೃಶ್ಯಕ್ಕೆ ಮೈಕು ಆಫ್ ಮಾಡಿ ಕೆಳಗಿಡಿ. ಹೆಂಡತಿಯ ಪಾತ್ರ ಪೆಗಿ ಆಶ್‌ಕ್ರಾಫ್ಟ್ ಅವರದ್ದು. ಗಂಡ ಊಟಕ್ಕೆ ಮೊದಲು ಪ್ರಾರ್ಥನೆ ಹೇಳುತ್ತಿದ್ದಾನೆ. ಹ್ಯಾನೆಯ ಕಣ್ಣು ಮೇಜಿನ ಮೇಲಿನ ಪತ್ರಿಕೆಯ ಕಡೆಗೆ ಹೋಗುತ್ತದೆ. ಅವಳೂ ಪತ್ರಿಕೆ ನೋಡುತ್ತಾಳೆ, ಅವನನ್ನು ನೋಡುತ್ತಾಳೆ. ಅವಳಿಗೆ ಗೊತ್ತಾಯಿತು ಅಂತ ಅವನಿಗೂ ಗೊತ್ತಾಗುತ್ತದೆ. ಇಬ್ಬರ ನೋಟ ಕಂಡ ಗಂಡ ಬೇರೆಯೇ ಏನೋ ಇದೆ ಅಂತ ಸಂಶಯಪಡುತ್ತಾನೆ. ಒಂದು ಊಟದ ಮೇಜಿನಲ್ಲಿ ಎರಡು ಸುಳ್ಳು ಆರೋಪ! ಇದನ್ನು ವಿವರಿಸಿದರೆ ಸತ್ತುಹೋಗುತ್ತದೆ. ನಮ್ಮ ತುಳು ಮಾತಾಡುವ ಅಜ್ಜಿಯೊಬ್ಬರು ನನಗಿಂತ ಮೊದಲೇ ಎಲ್ಲ ತಿಳಿದು “ಪಾಪ, ಆ ಹುಡುಗಿ” ಅಂದರು. ಹೆಂಡತಿ ಹ್ಯಾನೆಯನ್ನು ಎಬ್ಬಿಸಿ, ಗಂಡನ ಕೋಟು ತೊಡಿಸಿ ಓಡಿಸುತ್ತಾಳೆ. ಕೋಟಿನ ಬಗ್ಗೆ ಏನೂ ಹೇಳಬೇಡಿ.

ಹ್ಯಾನೆ ನಂಬಿ ಹೋದ ಪ್ರೊಫೆಸರನೇ ಕೈ ಎತ್ತಿ ತುದಿಯಿಲ್ಲದ ಬೆರಳು ತೋರಿಸುವಾಗ ಹಾಲ್‌ನಲ್ಲಿ ಒಂದು ಶಬ್ದ ಏಳುತ್ತದೆ. ಕಿರುಬೆರಳಿನ ಮಾತನ್ನು ಎರಡು ಸಲ ಹೇಳಿದ್ದು ಇದಕ್ಕೆ. ಅವನು ಗುಂಡು ಹೊಡೆಯುತ್ತಾನೆ, ಹ್ಯಾನೆ ಬೀಳುತ್ತಾನೆ, ಪರದೆ ಕಪ್ಪಾಗುತ್ತದೆ. ಸುಮಾರು ಅರ್ಧ ಆಗಿದೆ. ಅಲ್ಲಿ ನಿಲ್ಲಿಸಿ ಚಾ ಕೊಡಿ. ಸತ್ತನಾ, ಬದುಕಿದನಾ ಅಂತ ಮಕ್ಕಳ ಚರ್ಚೆ ನಡೆಯಲಿ. ನೀವು ಬಾಯಿ ಬಿಡಬೇಡಿ. ಮತ್ತೆ ಶುರುವಾದಾಗ ರೈತ ಹೆಂಡತಿಯ ಹತ್ತಿರ ಒಂದು ಪ್ರಶ್ನೆ ಕೇಳುತ್ತಾನೆ. ಆ ಮಾತನ್ನು ಹೇಳಲೇಬೇಕು: “ನನ್ನ ಪ್ರಾರ್ಥನೆಯ ಪುಸ್ತಕ ಕೋಟಿನ ಕಿಸೆಯಲ್ಲಿತ್ತು, ಕೋಟು ಎಲ್ಲಿ?” ಅವಳಿಗೆ ಹೊಡೆತ ಬಿದ್ದದ್ದು ನಮಗೆ ಶಬ್ದದಲ್ಲಿ ಮಾತ್ರ ಗೊತ್ತಾಗುತ್ತದೆ. ಹ್ಯಾನೆ ಬದುಕಿದ್ದು ಆ ಪುಸ್ತಕದಿಂದ ಅಂತ ಮುಂದಿನ ದೃಶ್ಯವೇ ತೋರಿಸುತ್ತದೆ.

ಪೊಲೀಸರಿಂದ ಓಡಿ ಅವನು ಒಂದು ಚುನಾವಣಾ ಸಭೆಗೆ ನುಗ್ಗುತ್ತಾನೆ. ಭಾಷಣಕಾರ ಬಂದ ಅಂತ ತಪ್ಪು ತಿಳಿದು ಅವನನ್ನೇ ಮಾತಾಡಲು ನಿಲ್ಲಿಸುತ್ತಾರೆ. ಮೊದಲು ತಡವರಿಸುತ್ತಾನೆ, ಆಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ. ಇಡೀ ಲೋಕ ತನಗೆ ಎದುರಾದಾಗ ಮನುಷ್ಯನಿಗೆ ಹೇಗಾಗುತ್ತದೆ ಅಂತ ನನಗೆ ಗೊತ್ತು ಅಂತಾನೆ. ನಾನು ಉದ್ದಕ್ಕೆ ಅರ್ಥ ಹೇಳುವುದು ಇಲ್ಲಿ ಮಾತ್ರ. ದನಿ ಸ್ವಲ್ಪ ಏರಿಸಿ ಹೇಳಿ, ಆ ಭಾಷಣಕ್ಕೆ ಅದು ಸಲ್ಲುತ್ತದೆ.

ಪೊಲೀಸರು ಅಂತ ಸುಳ್ಳು ಹೇಳಿ ಬಂದ ಗೂಢಚಾರರಿಬ್ಬರು ಕೈಕೋಳ ಹಾಕಿ ಅವನನ್ನೂ ಪಮೆಲಾಳನ್ನೂ ಜೋಡಿಸಿದ ಮೇಲಿನ ಭಾಗಕ್ಕೆ ಕನ್ನಡ ಹೆಚ್ಚು ಬೇಡ. ಅವಳು ಹೋಟೆಲಿನಲ್ಲಿ ಒದ್ದೆ ಕಾಲುಚೀಲ ಬಿಚ್ಚುವಾಗ ಅವನ ಕೈಯೂ ಜೊತೆಗೆ ಹೋಗಬೇಕಾಗುತ್ತದೆ. ಮಕ್ಕಳಿದ್ದಾರೆ ಅಂತ ಅದನ್ನು ಹಾರಿಸಬೇಡಿ, ಅದರಲ್ಲಿ ಕೆಟ್ಟದ್ದು ಏನೂ ಇಲ್ಲ. ರಾತ್ರಿ ಅವಳು ಮೇಲಿನಿಂದ ಆ ಇಬ್ಬರು ಗೂಢಚಾರರ ಫೋನಿನ ಮಾತು ಕದ್ದು ಕೇಳುತ್ತಾಳೆ. ಯಜಮಾನ ಲಂಡನ್ನಿನ ಪಲ್ಲೇಡಿಯಂ ನಾಟಕಶಾಲೆಗೆ ಹೋಗುತ್ತಾನೆ ಅಂತ ಒಂದು ಸಾಲು ಹೇಳಿ. ಹ್ಯಾನೆ ನಿರಪರಾಧಿ ಅಂತ ಅವಳಿಗೆ ಗೊತ್ತಾದದ್ದನ್ನು ಅವಳ ಮುಖವೇ ಹೇಳುತ್ತದೆ.

ಪಲ್ಲೇಡಿಯಂನಲ್ಲಿ ರಾಗ ತಿರುಗಿ ಬರುತ್ತದೆ. ‘39 ಸ್ಟೆಪ್ಸ್ ಅಂದರೆ ಏನು?’ ಅಂತ ಹ್ಯಾನೆ ಕೂಗಿ ಕೇಳುವುದನ್ನು ಕನ್ನಡದಲ್ಲಿ ಹೇಳಿ. ಅದು ಗೂಢಚಾರರ ಸಂಘ ಅಂತ ನೆನಪಿನವ ಉತ್ತರ ಕೊಡುವುದನ್ನೂ ಹೇಳಿ. ತಿಳಿದದ್ದನ್ನು ಮುಚ್ಚಿಡಲು ಅವನಿಗೆ ಆಗುವುದಿಲ್ಲ, ಅದಕ್ಕೇ ಗುಂಡು ತಿನ್ನುತ್ತಾನೆ. ಸಾಯುವಾಗ ಅವನು ಒಪ್ಪಿಸುವುದು ಸದ್ದು ಮಾಡದ ವಿಮಾನದ ಎಂಜಿನಿನ ಸೂತ್ರ. ಅಷ್ಟು ಹೇಳಿ ನಿಲ್ಲಿಸಿ, ಸೂತ್ರದ ಅರ್ಥ ಯಾರಿಗೂ ಬೇಡ. ಜಾನ್ ಬಕನ್ ಅವರ 1915ರ ಕಾದಂಬರಿ ಓದಿದವರು ಮೆಟ್ಟಿಲು ಎಲ್ಲಿ ಅಂತ ಕೇಳಿದರೆ, ಅದರಲ್ಲಿ ನಿಜವಾದ ಮೆಟ್ಟಿಲು, ಸಮುದ್ರಕ್ಕೆ ಇಳಿಯುವಂಥದ್ದು, ಸಿನಿಮಾದಲ್ಲಿ ಬದಲಾಯಿಸಿದ್ದಾರೆ ಅಂತ ಆಮೇಲೆ ತಿಳಿಸಿ.

ಕೊನೆಯ ಚಿತ್ರದಲ್ಲಿ ಹ್ಯಾನೆ, ಪಮೆಲಾ ನಮಗೆ ಬೆನ್ನು ಹಾಕಿ ನಿಂತಿರುತ್ತಾರೆ. ಕೈ ಕೈ ಹಿಡಿಯುತ್ತಾರೆ. ಅವನ ಕೈಯಲ್ಲಿ ಕೋಳ ಇನ್ನೂ ನೇತಾಡುತ್ತಿರುತ್ತದೆ. ನಮ್ಮಲ್ಲಿ ಲೈಟು ಹಾಕುವ ಕೆಲಸ ಅಪ್ಪನದ್ದು. ಆ ಕೈ ಪೂರ್ತಿ ಮರೆಯಾಗುವ ತನಕ ಅವರು ಸ್ವಿಚ್ಚು ಮುಟ್ಟುವುದಿಲ್ಲ.