ರಾತ್ರಿಯ ಲೇಓವರ್: ಹೊರಗೆ ಹೋಗಬೇಕೋ, ಏರ್‌ಪೋರ್ಟಿನಲ್ಲೇ ಉಳಿಯಬೇಕೋ?

ಟಿಕೆಟ್‌ನಲ್ಲಿ 10 ಗಂಟೆಯ ಲೇಓವರ್ (ಒಂದು ವಿಮಾನ ಇಳಿದು ಮುಂದಿನದನ್ನು ಹತ್ತುವವರೆಗಿನ ಬಿಡುವು) ಎಂದಿದ್ದರೆ ಅಷ್ಟೂ ಹೊತ್ತು ನಿಮ್ಮ ಕೈಗೆ ಸಿಗುವುದಿಲ್ಲ. ರಾತ್ರಿ 9ಕ್ಕೆ ಇಳಿದು ಬೆಳಿಗ್ಗೆ 7ಕ್ಕೆ ಮತ್ತೆ ಹೊರಡಬೇಕು ಎಂದುಕೊಳ್ಳಿ. ಇಮಿಗ್ರೇಷನ್ ಸಾಲು ದಾಟುವಷ್ಟರಲ್ಲಿ 10:15, ಹೋಟೆಲ್ ಮುಟ್ಟುವಾಗ 11. ಬೆಳಿಗ್ಗೆ 4:30ಕ್ಕೆ ಏರ್‌ಪೋರ್ಟಿಗೆ ವಾಪಸ್ ಬರಬೇಕಾದರೆ 3:15ಕ್ಕೆ ಏಳಬೇಕು. ನಿದ್ದೆಗೆ ಉಳಿಯುವುದು ನಾಲ್ಕು ಗಂಟೆ. ಆದ್ದರಿಂದ 8 ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗಲೇಬೇಡಿ. 12 ಗಂಟೆಯವರೆಗೆ ಏರ್‌ಪೋರ್ಟ್ ಪಕ್ಕದ ಹೋಟೆಲ್ಲೇ ಸರಿ. ಊರು ನೋಡುವ ಆಸೆ ಅದಕ್ಕಿಂತ ಹೆಚ್ಚು ಹೊತ್ತಿದ್ದಾಗ ಮಾತ್ರ.

ಸಿಂಗಾಪುರ, ದುಬೈ, ದೋಹಾದಂಥ ಕಡೆ ಇಮಿಗ್ರೇಷನ್ ದಾಟದೆಯೇ ಒಳಗಡೆ ಟ್ರಾನ್ಸಿಟ್ ಹೋಟೆಲ್ ಸಿಗುತ್ತದೆ. ಹೊರಗೆ ಹೋಗುವ ವೀಸಾ ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದಲ್ಲಿ ಹಾಗಲ್ಲ. ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಇಮಿಗ್ರೇಷನ್ ದಾಟಲೇಬೇಕು.

ಹೆಚ್ಚಿನ ಎಡವಟ್ಟು ಆಗುವುದು ಬೇರೆ ಬೇರೆ ಟಿಕೆಟ್ ಕೊಂಡವರಿಗೆ. ಲಗೇಜು ನಡುವಿನ ಊರಿನಲ್ಲೇ ಬೆಲ್ಟಿಗೆ ಬರುತ್ತದೆ. ಅದನ್ನು ಎತ್ತಿಕೊಳ್ಳಲು ಇಮಿಗ್ರೇಷನ್ ದಾಟಬೇಕು, ದಾಟಲು ಆ ದೇಶದ ಅನುಮತಿ ಬೇಕು. ಅದಿಲ್ಲದಿದ್ದರೆ ಹೊರಡುವ ಊರಿನಲ್ಲೇ ವಿಮಾನ ಹತ್ತಿಸದೆ ಇರಬಹುದು. ಒಂದೇ ಟಿಕೆಟ್ ಇದ್ದರೂ ಚೆಕ್‌-ಇನ್ ಕೌಂಟರಿನಲ್ಲಿ ಸೂಟ್‌ಕೇಸಿಗೆ ಅಂಟಿಸುವ ಪಟ್ಟಿಯನ್ನು ನೀವೇ ಓದಿ. ಅದರಲ್ಲಿ ದಪ್ಪಗೆ ಅಚ್ಚಾದ ಮೂರಕ್ಷರ ಕೊನೆಯ ಊರಿನ ಕೋಡ್ ಆಗಿರಬೇಕು. ನಡುವಿನ ಊರಿನದಾಗಿದ್ದರೆ ಸೂಟ್‌ಕೇಸು ಅಲ್ಲಿಯವರೆಗೆ ಮಾತ್ರ ಹೋಗುತ್ತದೆ; ಅದು ಬೆಲ್ಟ್ ಮೇಲೆ ಸಾಗುವ ಮೊದಲೇ ಕೇಳಿಬಿಡಿ.

ಲಗೇಜು ನೇರ ಹೋಗುತ್ತದೆ ಎಂದರೆ ರಾತ್ರಿ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಮಾತ್ರೆ, ಒಂದು ಜೊತೆ ಬಟ್ಟೆ, ಬ್ರಷ್, ಚಾರ್ಜರ್, ಆ ದೇಶದ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಹೇಗೂ ಅಲ್ಲೇ ಇರಬೇಕು. ಡ್ಯೂಟಿ ಫ್ರೀ ಬಾಟಲಿಯ ಸೀಲ್ ಮಾಡಿದ ಚೀಲ ಒಡೆಯಬೇಡಿ. ಒಡೆದರೆ, ಮತ್ತೆ ಸೆಕ್ಯುರಿಟಿ ದಾಟುವಾಗ ಕೈಚೀಲದ ದ್ರವಗಳಿಗಿರುವ 100 ಮಿ.ಲೀ. ಮಿತಿಯ ನಿಯಮಕ್ಕೆ ಸಿಕ್ಕಿ ಬಾಟಲಿ ಕಸದ ಡಬ್ಬಿ ಸೇರಬಹುದು.

ಹೋಟೆಲ್ ಬುಕ್ ಮಾಡುವಾಗ ತಾರೀಖಿನ ಮೇಲೆ ಕಣ್ಣಿಡಿ. 14ರ ನಡುರಾತ್ರಿ ಕಳೆದು 15ರ ನಸುಕಿನ 1 ಗಂಟೆಗೆ ಇಳಿಯುವವರಿಗೆ ಬೇಕಾದ್ದು 14ರ ರೂಮು. 15ಕ್ಕೆ ಮಾಡಿದರೆ ಮಧ್ಯಾಹ್ನದವರೆಗೆ ಬಾಗಿಲು ತೆರೆಯಲಿಕ್ಕಿಲ್ಲ. 14ಕ್ಕೆ ಮಾಡಿ, ತಡವಾಗಿ ಬರುತ್ತೇವೆ ಎಂದು ತಿಳಿಸದಿದ್ದರೆ ಬುಕಿಂಗ್ ರದ್ದಾಗಬಹುದು. ಕೊನೆಯ ರೈಲು ಎಷ್ಟು ಹೊತ್ತಿಗೆ, ಬೆಳಗಿನ ಮೊದಲನೆಯದು ಎಷ್ಟಕ್ಕೆ ಎಂದೂ ನೋಡಿಕೊಳ್ಳಿ. ಹೋಟೆಲ್ಲಿನ ಶಟಲ್ ರಾತ್ರಿಯಿಡೀ ಓಡುತ್ತದೆಯೇ ಎಂದು ಫೋನ್ ಮಾಡಿಯೇ ಕೇಳಿ.

ಏರ್‌ಪೋರ್ಟಿನಲ್ಲೇ ಮಲಗುವವರು ಅದು ರಾತ್ರಿ ಮುಚ್ಚುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಅಲಾರಂ ಇಡುವ ಮುನ್ನ ಫೋನಿನ ಗಡಿಯಾರವನ್ನು ಗೋಡೆಯ ಗಡಿಯಾರದೊಂದಿಗೆ ತಾಳೆ ನೋಡಿ. ಫ್ಲೈಟ್ ಮೋಡ್‌ನಲ್ಲೇ ಉಳಿದ ಫೋನು ಹೊರಟ ಊರಿನ ಸಮಯವನ್ನೇ ತೋರಿಸುತ್ತಿರಬಹುದು.