ಎಡ–ಬಲ ಕೊನೆಗೆ ಕಲಿಸಿ

ದಾವಣಗೆರೆಯ ನಮ್ಮ ಅಂಗನವಾಡಿಗೆ 3ರಿಂದ 6 ವರ್ಷದ ಮಕ್ಕಳು ಬರುತ್ತಾರೆ. ದಿಕ್ಕು, ಜಾಗ ಕಲಿಸುವುದು ಎಂದರೆ ಎಡ–ಬಲ ಕಲಿಸುವುದು ಅಂತ ತಾಯಂದಿರು ತಿಳಿದಿರುತ್ತಾರೆ. ನಾನು ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ.

ಒಳಗೆ, ಮೇಲೆ, ಕೆಳಗೆ ಅನ್ನುವುದು ಮೂರಕ್ಕೆ ಬರುವಷ್ಟರಲ್ಲಿ ಬಹುತೇಕ ಮಕ್ಕಳಿಗೆ ತಿಳಿದಿರುತ್ತದೆ. ಎಡವುವುದು ಮುಂದೆ–ಹಿಂದೆಯಲ್ಲಿ. ಎಮ್ಮೆಗೆ, ಬಸ್ಸಿಗೆ ಮುಖವಿದೆ, ಬಿಂದಿಗೆಗೆ ಇಲ್ಲ. ‘ಬಿಂದಿಗೆ ಹಿಂದೆ ಚೆಂಡಿಡು’ ಅಂದರೆ ಮಗು ತಾನು ನಿಂತ ಜಾಗದಿಂದ ಲೆಕ್ಕ ಹಾಕಬೇಕು. ಅದಕ್ಕೇ ಮೊದಲು ಆಟಿಕೆ ಬಸ್ಸು, ಗೊಂಬೆ. ಅದು ತಪ್ಪದೆ ಬಂದ ಮೇಲೆ ಬಿಂದಿಗೆ.

ಆಮೇಲೆ ರಟ್ಟಿನ ಪೆಟ್ಟಿಗೆಯ ಕೋಣೆ, ಅಂದರೆ ಮಗು ಕೂತಿರುವ ಕೋಣೆಯದೇ ಪುಟ್ಟ ಮಾದರಿ. ಚಪ್ಪಲಿ ಡಬ್ಬಕ್ಕೆ ಬಾಗಿಲು ಕತ್ತರಿಸಿ, ಬೀರುವಿಗೆ ಖಾಲಿ ಬೆಂಕಿಪೊಟ್ಟಣ, ಚಾಪೆಗೆ ಬಟ್ಟೆ ತುಂಡು. ನಾಲ್ಕು ವಸ್ತು ಸಾಕು, ಹೆಚ್ಚಾದರೆ ಮಗು ಅದರಲ್ಲೇ ಆಟಕ್ಕೆ ಕೂರುತ್ತದೆ. ದೊಡ್ಡ ಗೊಂಬೆಯೊಂದನ್ನು ಮಗುವಿಗೆ ಕಾಣದಂತೆ ನಿಜವಾದ ಬೀರುವಿನ ಹಿಂದೆ ಮೊದಲೇ ಇಟ್ಟಿರಬೇಕು. ಮಗುವಿನ ಎದುರೇ ಪುಟ್ಟ ಗೊಂಬೆಯನ್ನು ಡಬ್ಬದ ಬೀರುವಿನ ಹಿಂದೆ ಬಚ್ಚಿಟ್ಟು, ‘ದೊಡ್ಡ ಕೋಣೆಯಾಗ ದೊಡ್ಡ ಗೊಂಬೆನೂ ಇದೇ ಜಾಗದಾಗ ಐತಿ, ಹುಡುಕು’ ಅನ್ನಬೇಕು. ಎರಡೂವರೆ ವರ್ಷದವು ಸಾಮಾನ್ಯವಾಗಿ ಕೋಣೆಯೆಲ್ಲ ತಡಕಾಡುತ್ತವೆ, ಮೂರು ತುಂಬಿದವು ನೇರ ಬೀರುವಿಗೆ ಹೋಗುತ್ತವೆ. ಡಬ್ಬದ ಬಾಗಿಲು ಕೋಣೆಯ ಬಾಗಿಲಿನ ಕಡೆಗೇ ಇರಬೇಕು. ತಿರುಗಿಸಿಟ್ಟರೆ ಬಲ್ಲ ಮಗುವೂ ತಪ್ಪುತ್ತದೆ. ಬಚ್ಚಿಡಲು ಶೇಂಗಾಬೀಜ, ಗುಂಡಿ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ದಾರಿ ಕಲಿಸುವುದು ನಡೆಸಿಕೊಂಡು ಹೋದಾಗ ಮಾತ್ರ. ಬೈಕಿನಲ್ಲಿ ಕೂತ ಮಗುವಿಗೆ ಎಲ್ಲಿ ತಿರುಗಬೇಕೆಂದು ತೀರ್ಮಾನಿಸುವ ಕೆಲಸವೇ ಇಲ್ಲ. ಗುರುತುಗಳು ತಿರುವಿನಲ್ಲೇ ಇರಬೇಕು: ಮಂಡಕ್ಕಿ ಭಟ್ಟಿ, ಬೇವಿನಮರ. ದೋಸೆ ಗಾಡಿಯನ್ನು ಗುರುತು ಹಿಡಿಸಬೇಡಿ, ಸಂಜೆ ಇದ್ದದ್ದು ಬೆಳಿಗ್ಗೆ ಇರುವುದಿಲ್ಲ. ಪ್ರತಿ ತಿರುವಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಿಸಿ, ಏಕೆಂದರೆ ವಾಪಸ್ ಬರುವಾಗ ಅದೇ ಬೀದಿ ಬೇರೆಯಾಗಿ ಕಾಣುತ್ತದೆ. ಗೊತ್ತಿರುವ ದಾರಿಯಲ್ಲಿ ಮಗುವೇ ಮುಂದೆ ನಡೆಯಲಿ. ಕೈ ಮಾತ್ರ ಬಿಡಬೇಡಿ.

ಐದರ ಮೇಲೆ ಎಡ–ಬಲ. ‘ಉಣ್ಣೋ ಕೈ ಬಲಗೈ’ ಅಂದರೆ ಎಡಚ ಮಗುವಿಗೆ ತಿರುವುಮುರುವು ಆಗುತ್ತದೆ. ಎಲ್ಲರ ಬಲ ಮಣಿಕಟ್ಟಿಗೂ ಕೆಂಪು ದಾರ ಸಡಿಲವಾಗಿ ಕಟ್ಟಿ. ಎದುರು ನಿಂತು ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯಂತೆ ಎಡಗೈ ಎತ್ತುತ್ತಾರೆ. ನಾನು ಬೆನ್ನು ತಿರುಗಿಸಿ ನಿಂತೇ ಹೇಳಿಕೊಡುತ್ತೇನೆ. ಎದುರಿಗಿರುವವರ ಬಲ ಯಾವುದು ಎಂಬುದನ್ನು ಈ ವಯಸ್ಸಿನಲ್ಲಿ ಕೇಳುವುದಿಲ್ಲ, ಅದು ಶಾಲೆಗೆ ಸೇರಿ ಒಂದೆರಡು ವರ್ಷ ಕಳೆದ ಮೇಲಿನ ಮಾತು.